ಸೂಪರ್‌ವೈಸರ್ ಸಾಹೇಬರ ಭಾವಚಿತ್ರ

ಇರುವೆಯೊಂದು ಆಕಳಿಸಿದಾಗ ಅದರ ಹಲ್ಲುಗಳನ್ನು ಎಣಿಸಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಒಟ್ಟು ಮೂವತ್ತೊಂದು ಇದ್ದವು. ಕೆಳದವಡೆಯ ಬಲಗಡೆಯದೊಂದು ಹುಳುಕು ಹಿಡಿದಿತ್ತು. ಸಕ್ಕರೆ ಡಬ್ಬಿಯಲ್ಲೇ ಸಂಸಾರ ಹೂಡಿದ ಇರುವೆ, ಇನ್ನೇನಾಗುತ್ತದೆ? ನಂಬದಿದ್ದರೆ ಬಿಡಿ, ನನಗೇನೂ ಬೇಸರವಿಲ್ಲ. ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವವನು ನಾನು. ನೆಲಮಹಡಿಯಲ್ಲಿ ಶುರುವಾದ ಮಾತನ್ನು ಹನ್ನೆರಡನೇ ಮಹಡಿ ಮುಟ್ಟುವಷ್ಟರಲ್ಲಿ ಎಷ್ಟು ಎತ್ತರಕ್ಕೆ ಏರಿಸಬಹುದು ಎಂಬ ಅಂದಾಜು ನನಗೆ ಚೆನ್ನಾಗಿದೆ.

ನನಗೆ ಈ ಹುಚ್ಚು ಹತ್ತಿಸಿದವನು ನನ್ನ ಹೆಂಡತಿಯ ತಮ್ಮ. ಹಲ್ಲಿನ ಡಾಕ್ಟರು. ರೋಗಿಗಳ ಬಾಯೊಳಗಿನ ಫೋಟೋ ತೆಗೆಯಲು ಅವನ ಹತ್ತಿರ ಒಂದು ಕ್ಯಾಮೆರಾ, ಅದಕ್ಕೆ ಪುಟ್ಟದ್ದನ್ನು ಹಿಗ್ಗಿಸಿ ತೋರಿಸುವ ಒಂದು ಮ್ಯಾಕ್ರೋ ಲೆನ್ಸು, ಆ ಲೆನ್ಸಿನ ಮೂತಿಗೆ ಸಿಕ್ಕಿಸುವ ಬಳೆಯಾಕಾರದ ಒಂದು ದೀಪ ಇದ್ದವು. ಹೊಸದು ಬಂದ ಮೇಲೆ ಹಳೆಯ ಸರಂಜಾಮನ್ನೆಲ್ಲ ಒಂದು ಚೀಲಕ್ಕೆ ತುಂಬಿ ನಮ್ಮ ಮನೆಗೆ ತಂದ.

"ತಗೊಳ್ಳಿ ಭಾವ. ನೀವು ಹೇಗೂ ಇರೋದನ್ನ ಹತ್ತು ಪಟ್ಟು ಮಾಡಿ ಹೇಳೋರು. ಇದೂ ಅದೇ ಕೆಲಸ ಮಾಡುತ್ತೆ. ನಿಮ್ಮ ಬಾಯಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ."

"ನಲವತ್ತು ಸಾವಿರ ದವಡೆಹಲ್ಲು ನೋಡಿ ಜೀವ ಬೇಸತ್ತ ಲೆನ್ಸು ಕಣೋ ಇದು," ಎಂದೆ. "ನನ್ನ ಕೈಗೆ ಬಂತಲ್ಲ, ಇನ್ನು ಅದರ ಬಾಳು ಬೆಳಗಿತು ಅಂದ್ಕೋ."

ಅಂದಿನಿಂದ ದಿನಕ್ಕೊಂದು ಫೋಟೋ ಎಂದು ನೇಮ ಮಾಡಿಕೊಂಡೆ. ಬೆಳಿಗ್ಗೆ ಆರೂವರೆಗೆ ಎದ್ದು, ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯ ಮೇಜಿನ ಮೇಲೆ ಕ್ಯಾಮೆರಾ ಕೂರಿಸುತ್ತಿದ್ದೆ. ಮುಕ್ಕಾಲು ಗಂಟೆಯ ಅವಕಾಶ. ಅಷ್ಟರಲ್ಲಿ ಆ ದಿನದ ಫೋಟೋ ಮುಗಿಯಬೇಕು, ಆಮೇಲೆ ಸ್ಪ್ಯಾನರ್ ಚೀಲ ಹೆಗಲಿಗೇರಬೇಕು. ಮೊದಲ ದಿನ ಒಂದು ಉಪ್ಪಿನ ಹರಳು. ಬೆರಳ ತುದಿಯಲ್ಲಿ ಇದ್ದರೂ ಇಲ್ಲದಂತಿರುವ ಅದು ಪರದೆಯ ಮೇಲೆ ನಲವತ್ತು ಮಹಡಿಯ ಗಾಜಿನ ಕಟ್ಟಡವಾಗಿ ಎದ್ದು ನಿಂತಿತು. ಅದರ ಲಿಫ್ಟ್ ಕೆಟ್ಟಿರುವುದು ಕೂಡ ನನಗೆ ಕಾಣಿಸಿತು. ಎರಡನೇ ದಿನ ಬೆಂಕಿಕಡ್ಡಿಯ ತಲೆ: ಥೇಟ್ ಜೇನುಹುಟ್ಟು. ಮೂರನೇ ದಿನ ನನ್ನದೇ ಹಲ್ಲುಜ್ಜುವ ಬ್ರಷ್ಷು. ಅದನ್ನು ನೋಡಿದ ಮೇಲೆ ನಾಲ್ಕನೇ ದಿನ ಬೇರೆ ಬ್ರಷ್ಷು ತಂದೆ.

ಈ ಆಟದಲ್ಲಿ ಒಂದು ತೊಡಕಿದೆ. ಲೆನ್ಸನ್ನು ವಸ್ತುವಿನ ಮೈಗೆ ಅಷ್ಟು ಹತ್ತಿರ ಒಯ್ದಾಗ, ಕಾಗದದ ದಪ್ಪದಷ್ಟು ಜಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅದರ ಹಿಂದೆ ಮುಂದೆ ಬರೀ ಮಂಜು. ನೀವು ಉಸಿರಾಡಿದರೂ ಸಾಕು, ಆ ಗೆರೆ ಎಲ್ಲೋ ಜಾರಿಹೋಗುತ್ತದೆ. ಆದ್ದರಿಂದ ನಾನು ಹತ್ತೊಂಬತ್ತು ನಿಮಿಷ ಉಸಿರು ಬಿಗಿಹಿಡಿಯುವುದನ್ನು ಕಲಿತೆ.

"ಸೆಕೆಂಡು," ಎಂದಳು ಹೆಂಡತಿ ಪಕ್ಕದ ಕೋಣೆಯಿಂದ. "ಹತ್ತೊಂಬತ್ತು ಸೆಕೆಂಡು. ನಾನು ಎಣಿಸಿದೀನಿ. ಅದರಲ್ಲೂ ಕೊನೇ ನಾಲ್ಕು ಬರೀ ಕೆಮ್ಮು."

ಆ ಪಕ್ಕದ ಕೋಣೆಯಲ್ಲಿ ಕಿಟಕಿಗೆ ಒರಗಿಸಿ ಅವಳ ಹೊಲಿಗೆ ಯಂತ್ರ ಇತ್ತು. ಕೆಟ್ಟ ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಕಾಲು ಮೋಟು ಮಾಡುವುದು, ದಪ್ಪಗಾದವರ ಅಂಗಿ ಬಿಚ್ಚಿ ಅಗಲ ಮಾಡುವುದು ಅವಳ ಕೆಲಸ. ನನ್ನ ದೀಪದ ಬೆಳಕು ಕಣ್ಣು ಕುಕ್ಕದಂತೆ ಮುಂದೆ ಹಿಡಿಯಲು ತೆಳು ಕಾಗದ ಬೇಕಾದಾಗ ಅವಳ ಅಳತೆ ಕತ್ತರಿಸುವ ಕಾಗದವನ್ನೇ ಕದಿಯುತ್ತಿದ್ದೆ. ಒಂದು ದಿನ ಹಾಗೆ ಕದಿಯಲು ಹೋದಾಗಲೇ ಸೂಪರ್‌ವೈಸರ್ ಸಾಹೇಬರನ್ನು ಮೊದಲ ಸಲ ನೋಡಿದ್ದು.

ಸಾಹೇಬರು ಒಂದು ಜೇಡ. ಬಲೆ ಕಟ್ಟಿ ಮೂಲೆಯಲ್ಲಿ ಕೂರುವ ಜಾತಿಯಲ್ಲ, ಜಿಗಿಯುವ ಜಾತಿ. ಅಕ್ಕಿಕಾಳಿನಷ್ಟು ಗಾತ್ರ, ಬೂದು ಬಣ್ಣದ ವೆಲ್ವೆಟ್ ಕೋಟು, ಮುಖದ ಮೇಲೆ ಸಾಲಾಗಿ ನಾಲ್ಕು ಕಣ್ಣು. ನಡುವಿನ ಎರಡಂತೂ ಲಾರಿಯ ದೀಪಗಳೇ. ಕಿಟಕಿಯ ಚೌಕಟ್ಟಿನಲ್ಲಿ ಕೂತು ಅವಳ ಸೂಜಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತಿದ್ದ. ಅವಳು ಎಡಕ್ಕೆ ಬಾಗಿದರೆ ಅವನೂ ಎಡಕ್ಕೆ ತಿರುಗುತ್ತಿದ್ದ.

"ಏನ್ ಸಾರ್, ಹೊಲಿಗೆ ನೇರ ಇದೆಯಾ?" ಎಂದು ಅವಳು ಕೇಳುತ್ತಿದ್ದಳು. ಕಿಟಕಿಯ ಕಡೆಗೆ.

"ಯಾರ ಜೊತೆಗೆ ಮಾತು?"

"ಸೂಪರ್‌ವೈಸರ್ ಜೊತೆ. ನೀವು ಬೆಳಿಗ್ಗೆ ಹೋದ್ರೆ ಸಂಜೆ ಬರೋದು. ಬಂದ ಮೇಲೂ ಮಾತೆಲ್ಲ ನಿಮ್ಮದೇ. ನಾನು ಹೇಳೋದನ್ನ ಪೂರ್ತಿ ಕೇಳೋನು ಈ ಮನೇಲಿ ಇವನೊಬ್ಬನೇ."

ನಗುತ್ತಲೇ ಹೇಳಿದ್ದಳು. ನಾನೂ ನಕ್ಕೆ. ಮರುದಿನದಿಂದ ಸಾಹೇಬರ ಹಿಂದೆ ಬಿದ್ದೆ.

ಮೂರು ವಾರ! ಹುಲಿಯನ್ನು ಹಿಡಿಯಲು ಹೋದವರೂ ಇಷ್ಟು ಪಾಡು ಪಟ್ಟಿರಲಾರರು. ಲೆನ್ಸು ಹತ್ತಿರ ಹೋದ ಕೂಡಲೇ ಅವನು ಛಂಗನೆ ಹಾರುತ್ತಿದ್ದ. ಕೆಲವು ಸಲ ಲೆನ್ಸಿನ ಗಾಜಿನ ಮೇಲೇ ಬಂದು ಕೂರುತ್ತಿದ್ದ. ಎರಡು ಸಲ ನನ್ನ ಮೂಗಿನ ಮೇಲೆ ಇಳಿದ. ನನ್ನ ಹತ್ತಿರ ಇನ್ನೂರ ಹತ್ತು ಫೋಟೋ ಸೇರಿದವು. ಇನ್ನೂರ ಹತ್ತರಲ್ಲೂ ಸಾಹೇಬರ ಹಿಂಭಾಗ, ಅದೂ ಮಸುಕು. ಭಾಮೈದ ಅವನ್ನು ನೋಡಿ, "ನನ್ನ ರೋಗಿಗಳೇ ವಾಸಿ ಭಾವ, ಬಾಯಾದ್ರೂ ತೆಗೀತಾರೆ," ಎಂದ.

ಅಷ್ಟರಲ್ಲಿ ನಮ್ಮ ಬಡಾವಣೆಯ ಗ್ರಂಥಾಲಯದವರು ಒಂದು ಸ್ಪರ್ಧೆ ಇಟ್ಟರು. ಮನೆಯಲ್ಲೇ ತೆಗೆದ ಅತಿ ಸಮೀಪದ ಫೋಟೋಗಳು. ಗೆದ್ದದ್ದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಓದುವ ಕೋಣೆಯ ಗೋಡೆಯ ಮೇಲೆ ಒಂದು ವರ್ಷ ತೂಗುಹಾಕುತ್ತಾರಂತೆ. ಅರ್ಜಿ ತರಲು ಹೋದಾಗ ಗ್ರಂಥಾಲಯದ ಮೇಡಂ ಕನ್ನಡಕ ಏರಿಸಿಕೊಂಡು ಮೂರನೇ ನಿಯಮವನ್ನು ಗಟ್ಟಿಯಾಗಿ ಓದಿದರು.

"ಹುಳಹುಪ್ಪಟೆ ಆದ್ರೆ, ಅದು ಜೀವಂತ ಇರಬೇಕು, ತನ್ನ ಜಾಗದಲ್ಲೇ ಇರಬೇಕು. ಹಿಡಿದು ಡಬ್ಬಿಗೆ ಹಾಕೋದು, ಅಂಟು ಹಚ್ಚೋದು, ಅಲ್ಲಾಡದ ಹಾಗೆ ಫ್ರಿಜ್‌ನಲ್ಲಿ ಇಟ್ಟು ತಣ್ಣಗೆ ಮಾಡೋದು, ಇದ್ಯಾವುದೂ ನಡೆಯಲ್ಲ. ಗೊತ್ತಾಯ್ತಾ?"

"ಮೇಡಂ," ಎಂದೆ ಎದೆಯ ಮೇಲೆ ಕೈಯಿಟ್ಟು, "ನಮ್ಮನೆ ಹುಳಗಳು ನನ್ನ ಮುಂದೆ ತಾವಾಗೇ ಸಾಲಾಗಿ ನಿಲ್ತವೆ."

"ನಿಂತ್ರೆ ಒಳ್ಳೇದು," ಎಂದರು ಮೇಡಂ. ಅರ್ಜಿ ಕೊಟ್ಟರು.

ಮುಂದಿನ ವಾರವೇ ಸಾಹೇಬರು ಕಾಣೆಯಾದರು.

ಮಂಗಳವಾರ ಸಂಜೆ ನಾನು ಮನೆಗೆ ಬಂದಾಗ ಯಂತ್ರ ಸುಮ್ಮನಿತ್ತು. ಅವಳು ಕುರ್ಚಿ ಹತ್ತಿ ಕಿಟಕಿಯ ಮೇಲಿನ ಸಂದಿಯಲ್ಲಿ ಇಣುಕುತ್ತಿದ್ದಳು.

"ನಾನು ಪೇಟೆಯಿಂದ ಬಂದಾಗಿನಿಂದ ಇವನು ಕಾಣ್ತಿಲ್ಲ ರೀ."

"ರಜೆ ಹಾಕಿರಬೇಕು."

"ತಮಾಷೆ ಬೇಡ. ನಿನ್ನೆ ಗಾಜು ಒರೆಸೋ ಸ್ಪ್ರೇ ಹೊಡೆದೆ. ಅವನು ಆ ಕಡೆ ಇದ್ದ ಅಂತ ಈ ಕಡೆ ಹೊಡೆದೆ. ಗಾಳಿಗೆ ಅವನ ಮೈಮೇಲೆ ಹೋಗಿರಬೇಕು."

"ಏ, ಅಷ್ಟಕ್ಕೆಲ್ಲ ಏನಾಗುತ್ತೆ? ವರ್ಗ ಆಗಿರುತ್ತೆ ಕಣೇ. ಬಡ್ತಿ ಮೇಲೆ ಮೇಲಿನ ಮನೆಗೆ ಹೋಗಿರ್ತಾನೆ."

ಅವಳು ನಗಲಿಲ್ಲ. ಸ್ಪ್ರೇ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು. ಬುಧವಾರ ಒಬ್ಬರ ಜಿಪ್ಪನ್ನು ತಲೆಕೆಳಗಾಗಿ ಹೊಲಿದಳು. ಹದಿನೇಳು ವರ್ಷದಲ್ಲಿ ಅವಳ ಕೈ ಹಾಗೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಗುರುವಾರ ಯಂತ್ರವನ್ನು ಕಿಟಕಿಯಿಂದ ಈಚೆಗೆಳೆದು ಗೋಡೆಗೆ ಮುಖ ಮಾಡಿ ಇಟ್ಟುಕೊಂಡಳು. "ಅಷ್ಟು ಚಿಕ್ಕ ಜೀವ," ಎಂದಳು ಒಂದು ಸಲ, ನನಗಲ್ಲ, ಕೈಯಲ್ಲಿದ್ದ ಬಟ್ಟೆಗೆ. "ನೋಡಿಕೊಂಡು ಹೊಡೀಬಾರದಿತ್ತಾ ನಾನು?"

ಶುಕ್ರವಾರ ಬೆಳಿಗ್ಗೆ ಪವಾಡ ನಡೆಯಿತು. ಆಕಾಶ ಬಿರಿಯುವ ಹಾಗೆ ಗುಡುಗು, ಆನೆಯ ಸೊಂಡಿಲಿನಷ್ಟು ದಪ್ಪದ ಮಳೆ. ನಾನು ಬಾಲ್ಕನಿಗೆ ಕಾಲಿಟ್ಟ ಕ್ಷಣಕ್ಕೆ ಸರಿಯಾಗಿ ಎರಡೂ ನಿಂತವು. ಸೂರ್ಯ ಹುಟ್ಟಿದ. ಕಂಬಿಯ ಮೇಲೊಂದು ಹಸಿರೆಲೆ, ಎಲೆಯ ಮೇಲೆ ಯಾರು? ನಮ್ಮ ಸಾಹೇಬರು! ಮುಂಗಾಲಿನಿಂದ ಮುಖ ಒರೆಸಿಕೊಂಡ, ಕೋಟು ಸರಿಮಾಡಿಕೊಂಡ, ಕತ್ತು ಒಂದಿಷ್ಟು ಎಡಕ್ಕೆ ವಾಲಿಸಿದ. ಆ ಕಡೆಯಿಂದಲೇ ತಾನು ಚೆಂದ ಎಂದು ಅವನಿಗೆ ಗೊತ್ತು. ಮೈಮೇಲಿನ ಒಂದೊಂದು ಕೂದಲಿಗೂ ಒಂದೊಂದು ಇಬ್ಬನಿಯ ಹನಿ. "ನಗಿ ಸಾರ್," ಎಂದೆ. ನಕ್ಕ. ಕ್ಲಿಕ್.

ಇದನ್ನೆಲ್ಲ ಹೀಗೇ ಹೆಂಡತಿಗೂ ಹೇಳಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೋ ತೋರಿಸಿದೆ. ಗುಡುಗು ಅವಳ ಕಿವಿಗೆ ಬಿದ್ದಿರಲಿಲ್ಲ. ನೀನು ಗಾಢ ನಿದ್ದೆಯಲ್ಲಿದ್ದೆ ಎಂದು ನಾನೇ ಸಮಾಧಾನ ಹೇಳಿದೆ. ಆದರೆ ಅವಳು ಗುಡುಗಿನ ವಿಷಯ ಕೇಳಿಸಿಕೊಳ್ಳಲೇ ಇಲ್ಲ. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇವತ್ತಾ? ಇವತ್ತು ಬೆಳಿಗ್ಗೆನಾ?"

"ಈಗ ಅರ್ಧ ಗಂಟೆ ಹಿಂದೆ."

"ಹಾಗಾದ್ರೆ ನಾನು ಕೊಂದಿಲ್ಲ!"

"ಕೊಲ್ಲೋದಾ? ಗುಂಡುಕಲ್ಲಿನ ಹಾಗಿದಾನೆ."

ಅವಳ ಮುಖ ನೋಡಬೇಕಿತ್ತು. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿ ಬಂತು. ಒಂದೇ ಫೋಟೋದಿಂದ ಮನೆಯೊಳಗಿನ ಮೋಡವನ್ನೆಲ್ಲ ಓಡಿಸಿದವನು ಇನ್ಯಾರಿದ್ದಾರೆ ಹೇಳಿ. ಅವಳೇ ಅರ್ಜಿ ತುಂಬಿದಳು, ಅವಳೇ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿದಳು. "ಅವನ ಮುಖ ಊರೆಲ್ಲ ನೋಡಲಿ."

ಅಂದಿನಿಂದ ಅವಳ ಕುರ್ಚಿ ಬಾಲ್ಕನಿಗೆ ಹೋಯಿತು. ಕೈಹೊಲಿಗೆಯ ಕೆಲಸವನ್ನೆಲ್ಲ ಅಲ್ಲೇ ಕೂತು ಮಾಡುವಳು. ನಡುನಡುವೆ ಎದ್ದು ಕಂಬಿ, ಕುಂಡ, ಬಟ್ಟೆ ಒಣಹಾಕುವ ಹಗ್ಗ ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವಳು. ಕಿಟಕಿಯ ಚೌಕಟ್ಟಿನ ಧೂಳನ್ನು ಮುಟ್ಟುತ್ತಿರಲಿಲ್ಲ, ಅವನು ವಾಪಸ್ಸು ಬಂದರೆ ಬರಲಿ ಎಂದು. ಒಂದು ಸಂಜೆ ಕೇಳಿದಳು: "ಯಾವ ಕಡೆ ಹೋದ ರೀ ಆಮೇಲೆ? ಎಡಕ್ಕಾ ಬಲಕ್ಕಾ?"

"ಬಲಕ್ಕೆ," ಎಂದೆ. ಮಾರನೆಯ ದಿನ ಅವಳು ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡಳು.

ಎರಡು ವಾರ ಕಳೆದು ಮೇಡಂ ಫೋನು ಮಾಡಿದರು. ಮೊದಲ ಬಹುಮಾನ ನಮ್ಮ ಸಾಹೇಬರಿಗೆ. ಎಷ್ಟು ದೊಡ್ಡದಾಗಿ ಅಚ್ಚು ಹಾಕಿಸಲಿ, ಕ್ಯಾಲೆಂಡರಿನಷ್ಟು ಸಾಕೇ ಎಂದು ಕೇಳಿದರು.

"ಕ್ಯಾಲೆಂಡರಾ? ಬಾಗಿಲಷ್ಟು ಮಾಡಿಸಿ ಮೇಡಂ. ಒಳಗೆ ಬಂದವರು ಬೆಚ್ಚಿಬೀಳಬೇಕು."

ಬಾಗಿಲಷ್ಟೇ ಮಾಡಿಸಿದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಾರಂಭ. ಎರಡು ಸಾವಿರ ಜನ ಕಿಕ್ಕಿರಿದು ಸೇರಿದ್ದರು. ಕುರ್ಚಿಗಳು ಮಾತ್ರ ಇಪ್ಪತ್ತೈದು, ಅದರಲ್ಲೂ ಒಂದಿಷ್ಟು ಖಾಲಿ, ಅದು ಬೇರೆ ಮಾತು. ಎರಡು ಪುಸ್ತಕದ ಕಪಾಟುಗಳ ನಡುವೆ ಸಾಹೇಬರು ನೆಲದಿಂದ ಆಳೆತ್ತರಕ್ಕೆ ನಿಂತಿದ್ದರು. ಒಂದೊಂದು ಕಣ್ಣೂ ಊಟದ ತಟ್ಟೆಯಷ್ಟು. ಮೇಡಂ ನನ್ನ ಕೈಗೆ ಮೈಕು ಕೊಟ್ಟು ತೆಗೆದ ಬಗೆಯನ್ನು ವಿವರಿಸಿ ಎಂದರು. ನನಗೆ ಬೇಕಾದ್ದೂ ಅದೇ. ಗುಡುಗಿನಿಂದ ಶುರುಮಾಡಿದೆ. ಮಳೆ ಈ ಸಲ ಆಲಿಕಲ್ಲಾಗಿತ್ತು, ಬಾಲ್ಕನಿ ಒಂದು ಮಹಡಿ ಮೇಲಕ್ಕೆ ಹೋಗಿತ್ತು.

ನನ್ನ ಹೆಂಡತಿ ಕುರ್ಚಿಯಲ್ಲಿ ಕೂತಿರಲಿಲ್ಲ. ಫೋಟೋದ ಹತ್ತಿರ ಹೋಗಿ, ಅವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು. ಮುಸ್ಸಂಜೆಯ ಬೆಳಕಿನಲ್ಲೂ ಕಪ್ಪು ಬಟ್ಟೆಯ ಮೇಲಿನ ಕಪ್ಪು ನೂಲನ್ನು ಬಿಚ್ಚುವ ಕಣ್ಣು ಅವಳದು.

ಮೊದಲು ಬಾಯಿ ತೆರೆದವನು ಭಾಮೈದ, ಎರಡನೇ ಸಾಲಿನಿಂದ. "ಭಾವ, ಅವನ ಕಣ್ಣೊಳಗೆ ಬೆಳ್ಳಗೆ ದುಂಡಗೆ ಏನೋ ಇದೆಯಲ್ಲ, ಅದು ನನ್ನ ದೀಪ ಅಲ್ವಾ?"

"ಸೂರ್ಯ ಕಣೋ ಅದು. ಹುಟ್ಟುತ್ತಿದ್ದ."

"ನಡುವೆ ತೂತಿರೋ ಸೂರ್ಯನಾ?"

ಜನ ನಕ್ಕರು. ನಾನೂ ಜೋರಾಗಿ ನಕ್ಕೆ. ಮೇಡಂ ಮಾತ್ರ ಕನ್ನಡಕ ಏರಿಸಿಕೊಂಡರು.

"ರೀ," ಎಂದಳು ಹೆಂಡತಿ. ತಿರುಗಿ ನೋಡದೆಯೇ. "ನನ್ನದೊಂದು ಪ್ರಶ್ನೆ."

"ಕೇಳು ಕೇಳು."

"ಬಾಲ್ಕನಿಗೆ ಫ್ರಿಜ್ ಯಾವಾಗ ಒಯ್ದಿರಿ?"

ಈ ಸಲದ ನಗು ಕಪಾಟಿನ ಗಾಜುಗಳನ್ನು ನಡುಗಿಸಿತು. ಅವಳು ಬೆರಳು ಇಟ್ಟು ತೋರಿಸಿದಳು. ಸಾಹೇಬರ ಬಲಗಣ್ಣಿನೊಳಗೆ, ಬೆಳ್ಳನೆಯ ಬಳೆಯ ಪಕ್ಕದಲ್ಲಿ, ಸ್ವಲ್ಪ ಬಾಗಿದ ಒಂದು ಬೆಳಕಿನ ಚೌಕ. ಅದರೊಳಗೆ ಮೂರು ಅಡ್ಡಗೆರೆ. ಪಕ್ಕದಲ್ಲಿ ಒಂದು ಕೆಂಪು ಗೀಟು. "ಫ್ರಿಜ್ ಬಾಗಿಲಿನ ಖಾನೆ ಮುರಿದಿದೆ ಅಂತ ಕೆಂಪು ಟೇಪಿನಲ್ಲಿ ಕಟ್ಟಿದವಳು ನಾನು. ಇಲ್ಲಿ ಬನಿಯನ್ ಹಾಕ್ಕೊಂಡು ನಿಂತಿರೋರು ಯಾರು ಅಂತಲೂ ಹೇಳಲಾ?"

"ಅದು... ಬೆಳಕು ಬಾಗಿದಾಗ ಏನೇನೋ ಕಾಣುತ್ತೆ ಕಣೇ. ಮೋಡದಲ್ಲಿ ಆನೆ ಕಾಣೋದಿಲ್ವಾ, ಹಾಗೆ. ನಮ್ಮ ಲಿಫ್ಟಿನ ಕನ್ನಡಿಯಲ್ಲೂ ಒಂದು ಸಲ..."

ಅವಳು ಈಗ ನನ್ನ ಕಡೆ ತಿರುಗಿದಳು. ಕೋಪ ಇದ್ದಿದ್ದರೆ ನಾನು ಹೇಗಾದರೂ ನಿಭಾಯಿಸುತ್ತಿದ್ದೆ. ಹದಿನೇಳು ವರ್ಷದ ಅಭ್ಯಾಸ. ಅವಳ ಮುಖದಲ್ಲಿ ಕೋಪ ಇರಲಿಲ್ಲ.

"ಇಪ್ಪತ್ತು ದಿನದಿಂದ ನಾನು ಬಾಲ್ಕನಿಯಲ್ಲಿ ಕೂತಿದೀನಿ," ಎಂದಳು. "ಬಲಗಡೆ ಅಂದ್ರಿ, ಬಲಗಡೆ ಕೂತೆ. ಅವನು ಇದಾನಾ ಇಲ್ವಾ ಅಷ್ಟು ಹೇಳಿ."

ನಗು ನಿಂತುಹೋಗಿತ್ತು. ಬಾಯಲ್ಲಿ ಮೂರು ಕತೆಗಳು ತಯಾರಾಗಿದ್ದವು, ಮೂರೂ ಚೆನ್ನಾಗಿದ್ದವು. ಮೈಕನ್ನು ಮೇಜಿನ ಮೇಲಿಟ್ಟೆ.

"ಇಲ್ಲ," ಎಂದೆ.

ನಾನೇ ಮುಂದುವರಿಸಬೇಕಾಯಿತು.

"ಶುಕ್ರವಾರ ಅಲ್ಲ. ಮಂಗಳವಾರ. ನೀನು ಬೆಳಿಗ್ಗೆನೇ ದೊಡ್ಡ ಪೇಟೆಗೆ ನೂಲು ತರೋಕೆ ಹೋಗಿದ್ದೆ. ನಿನ್ನ ಗುಂಡಿ ಡಬ್ಬಿ ಖಾಲಿ ಮಾಡಿ ಅದರೊಳಗೆ ಹಿಡಿದೆ. ಫ್ರಿಜ್‌ನಲ್ಲಿ ಐದು ನಿಮಿಷ ಇಟ್ಟೆ. ತೆಗೆದು ಎಲೆ ಮೇಲೆ ಬಿಟ್ಟಾಗ ಅಲ್ಲಾಡದೆ ಕೂತಿದ್ದ. ಫ್ರಿಜ್ ಬಾಗಿಲು ಮುಚ್ಚೋಕೂ ಪುರುಸೊತ್ತಿಲ್ಲದೆ ತೆಗೆದೆ, ಹನ್ನೊಂದು ಫೋಟೋ. ಮೈಮೇಲೆ ಇರೋದು ಇಬ್ಬನಿ ಅಲ್ಲ, ಫ್ರಿಜ್‌ನ ತೇವ."

"ಆಮೇಲೆ?"

"ಆಮೇಲೆ ಕಾಲು ಎತ್ತಿದ. ಚೇತರಿಸಿಕೊಳ್ತಾ ಇದ್ದ. ಅಲ್ಲಿಗೇ ಬಿಟ್ಟಿದ್ರೆ ಕಿಟಕಿಗೆ ಹೋಗ್ತಿದ್ದ. ಇನ್ನೂ ಚೆನ್ನಾಗಿ ಒಂದು ಬರಬಹುದು ಅನ್ನಿಸ್ತು. ಬೇಗ ಆಗಲಿ ಅಂತ ಈ ಸಲ ಮೇಲಿನ ಐಸಿನ ಖಾನೆಗೆ ಇಟ್ಟೆ. ಅಷ್ಟರಲ್ಲಿ ಫೋನ್ ಬಂತು, ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಅಂತ. ಹೋದೆ. ಮರೆತುಬಿಟ್ಟೆ. ನೆನಪಾಗಿ ಮಧ್ಯಾಹ್ನ ಮನೆಗೆ ಬಂದಾಗ ಎರಡು ಗಂಟೆ. ನೀನು ಇನ್ನೂ ಬಂದಿರಲಿಲ್ಲ. ಅಂಗೈ ಮೇಲೆ ಇಟ್ಕೊಂಡು ಬಿಸಿ ಉಸಿರು ಬಿಟ್ಟೆ, ತುಂಬಾ ಹೊತ್ತು. ಏಳಲಿಲ್ಲ."

ಮೇಡಂ ಸದ್ದಿಲ್ಲದೆ ಬಂದು ಫೋಟೋದ ಕೆಳಗಿದ್ದ ನನ್ನ ಹೆಸರಿನ ಚೀಟಿಯನ್ನು ಬಿಡಿಸಿಕೊಂಡರು. ಭಾಮೈದ ತನ್ನ ಬೂಟಿನ ಕಡೆ ನೋಡುತ್ತಿದ್ದ.

"ಹಾಗಾದ್ರೆ ನನ್ನ ಸ್ಪ್ರೇ..." ಎಂದಳು ಅವಳು.

"ಸ್ಪ್ರೇಯಿಂದ ಏನೂ ಆಗಿರಲಿಲ್ಲ. ನೀನು ಕುರ್ಚಿ ಹತ್ತಿ ಹುಡುಕ್ತಿದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಮತ್ತೊಮ್ಮೆ ಫೋಟೋ ನೋಡಿದಳು.

"ಎಲ್ಲಿ ಹಾಕಿದ್ರಿ ಅವನನ್ನ?"

"ಬಾಲ್ಕನಿಯಲ್ಲೇ, ಕುಂಡದಲ್ಲಿ. ಚೆಂದದ್ದೊಂದು ಪುಟ್ಟ ಪೆಟ್ಟಿಗೆ ಮಾಡಿ, ಅದಕ್ಕೆ ನಿನ್ನ ವೆಲ್ವೆಟ್ ಬಟ್ಟೆ ಹಾಸಿ..."

ಅವಳು ಫೋಟೋ ಬಿಟ್ಟು ನನ್ನ ಕಡೆ ತಿರುಗಿದಳು.

"ಇಲ್ಲ," ಎಂದೆ. "ಪೆಟ್ಟಿಗೆ ಇಲ್ಲ, ಬಟ್ಟೆ ಇಲ್ಲ. ಚಮಚದಲ್ಲಿ ಒಂದಿಷ್ಟು ಮಣ್ಣು ಕೆದಕಿ ಹಾಕಿದೆ. ಎಡಗಡೆಯ ಕುಂಡ."